ಎರಡು ಇಂಚು ಎತ್ತರಿಸಿದ ಥಾರ್‌ನ ಕಂಟ್ರೋಲ್ ಆರ್ಮ್ ಬದಲಾವಣೆ: ಮನೆಯ ಕಣದಲ್ಲೇ ಮಾಡಬಹುದೇ?

ಪ್ರಶ್ನೆ: ಕುಂತಿಬೆಟ್ಟದ ಕಬ್ಬಿನಗದ್ದೆ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನನ್ನದು 2021ರ ಮಹೀಂದ್ರ ಡೀಸೆಲ್ ಥಾರ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಹಿಂದಿನ ಮಾಲೀಕರು ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದ್ದರು. ಮುಂದಿನ ಶಾಕ್‌ಗಳ ತಲೆಯ ಮೇಲೆ ಎತ್ತರ ಹೆಚ್ಚಿಸುವ ಅಲ್ಯೂಮಿನಿಯಂ ಸ್ಪೇಸರ್ (ದಪ್ಪ ಬಿಲ್ಲೆ) ಕೂತಿದೆ, ಹಿಂದೆ ಉದ್ದನೆಯ ಸ್ಪ್ರಿಂಗ್ ಇದೆ. ಗಾಡಿ ಹೆಚ್ಚಾಗಿ ಓಡುವುದು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಮತ್ತು ಕಬ್ಬಿನ ಟ್ರ್ಯಾಕ್ಟರ್‌ಗಳು ಕೊರೆದಿಟ್ಟ ಗಾಡಿಜಾಡಿನಲ್ಲಿ. ತಿಂಗಳಿಗೆ ಎರಡು ಮೂರು ಸಲ ಮೈಸೂರಿಗೂ ಬೆಂಗಳೂರಿಗೂ ಹೋಗಿಬರುತ್ತೇನೆ.

ಎಂಟು ತಿಂಗಳ ಹಿಂದೆ ಎಡಗಡೆಯ ಲೋಯರ್ ಆರ್ಮ್‌ನ (ಗಾಲಿಯನ್ನು ಚಾಸಿಗೆ ಹಿಡಿದಿರುವ ಕೆಳಗಿನ ಕಂಟ್ರೋಲ್ ಆರ್ಮ್) ಬುಷ್, ಅಂದರೆ ಕೀಲಿನ ರಬ್ಬರ್, ಹೋಗಿದೆಯೆಂದು ಒಂದು ಗ್ಯಾರೇಜಿನಲ್ಲಿ ಬದಲಾಯಿಸಿಕೊಟ್ಟರು. ಕೆಲಸ ಮಾಡುವಾಗ ನಾನು ಅಲ್ಲೇ ನಿಂತಿದ್ದೆ. ಗಾಲಿಗಳು ಗಾಳಿಯಲ್ಲಿ ತೂಗಾಡುತ್ತಿರುವಾಗಲೇ ಎಲ್ಲ ಬೋಲ್ಟ್‌ಗಳನ್ನೂ ಗನ್ನಿನಿಂದ ಬಿಗಿದು, ಕೆಳಗಿಳಿಸಿ, ಕೀ ಕೊಟ್ಟರು. ಅಲೈನ್‌ಮೆಂಟ್ ಮಾಡಲಿಲ್ಲ. ಈಗ ಅದೇ ಬುಷ್‌ನ ರಬ್ಬರ್ ಸುತ್ತಲೂ ಸೀಳಿದೆ. ಸಣ್ಣ ಗುಂಡಿಗೂ ‘ಟಕ್’ ಎನ್ನುತ್ತದೆ, ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ, ಮುಂದಿನ ಎರಡೂ ಟೈರ್‌ಗಳ ಒಳ ಅಂಚು ಗರಗಸದ ಹಲ್ಲಿನಂತೆ ಸವೆದಿದೆ. ಎಕ್ಸ್‌ಪ್ರೆಸ್‌ವೇಯಲ್ಲಿ 90 ದಾಟಿತೆಂದರೆ ಸ್ಟೀರಿಂಗ್ ಅಲೆಯಲು ಶುರುವಾಗುತ್ತದೆ; ತಿರುವು ಮುಗಿದ ಮೇಲೂ ಅದು ತಾನಾಗಿ ನೇರಕ್ಕೆ ಬರುವುದಿಲ್ಲ, ನಾನೇ ತರಬೇಕು.

ಈ ಬಾರಿ ಎರಡೂ ಕಡೆಯ ಲೋಯರ್ ಆರ್ಮ್‌ಗಳನ್ನೂ, ಲಿಫ್ಟ್ ಮಾಡಿದ ಗಾಡಿಗಳಿಗೆಂದೇ ಬರುವ ಅಪ್ಪರ್ ಆರ್ಮ್‌ಗಳನ್ನೂ ತರಿಸಿ, ಮನೆಯ ಕಣದಲ್ಲಿ ತಮ್ಮನ ಜೊತೆ ಸೇರಿ ನಾನೇ ಬದಲಾಯಿಸಬೇಕೆಂದಿದ್ದೇನೆ. ಟ್ರ್ಯಾಕ್ಟರ್‌ನ ಕ್ಲಚ್ ಪ್ಲೇಟ್‌ವರೆಗೆ ಕೈ ಹಾಕಿ ಅಭ್ಯಾಸವಿದೆ. ಆದರೆ ಕಾರಿನ ಮುಂದಿನ ಸಸ್ಪೆನ್ಷನ್ ಬಿಚ್ಚಿದವನಲ್ಲ. ಆರ್ಮ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿಯುತ್ತದೆ ಎಂದು ನಮ್ಮೂರಿನಲ್ಲಿ ಇಬ್ಬರು ಹೆದರಿಸಿದ್ದಾರೆ. ಅದು ನಿಜವೇ? ಮಣ್ಣಿನ ಕಣದಲ್ಲಿ ಗಾಡಿಯನ್ನು ಎತ್ತಿ ನಿಲ್ಲಿಸುವುದು ಹೇಗೆ? ಇಡೀ ಆರ್ಮನ್ನೇ ಬದಲಾಯಿಸಬೇಕೇ, ಬುಷ್ ಒಂದೇ ಸಾಕೇ? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ನಿವೃತ್ತ ಬೋಧಕ, ಮೇಟಗಳ್ಳಿ

ತಾವು ಕೇಳಿರುವ ಕ್ರಮ ಸರಿಯಾಗಿದೆ, ಆದ್ದರಿಂದ ಸ್ಪ್ರಿಂಗ್‌ನಿಂದಲೇ ಆರಂಭಿಸುತ್ತೇನೆ. ನಾನು ತರಬೇತಿ ಕೊಡುತ್ತಿದ್ದ ಕಾಲದಲ್ಲಿ ಹುಡುಗರಿಗೆ ಸ್ಪ್ಯಾನರ್ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಈ ಬೋಲ್ಟ್ ಈಗ ಏನನ್ನು ಹಿಡಿದುಕೊಂಡಿದೆ? ಉತ್ತರ ಬಾರದಿದ್ದರೆ ಸ್ಪ್ಯಾನರ್ ಇಲ್ಲ.

ತಮ್ಮ ಗಾಡಿಯ ಮುಂಭಾಗ ಡಬಲ್ ವಿಶ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ಆರ್ಮ್, ನಡುವೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಾಗಿರುವ ಕಾಯಿಲ್‌ಓವರ್. ಈ ಜೋಡಣೆಯಲ್ಲಿ ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು ಆರ್ಮ್ ಅಲ್ಲ, ಶಾಕ್‌ನ ನೆತ್ತಿಯ ನಡುವೆ ಇರುವ ಒಂದೇ ಒಂದು ನಟ್. ಗಾಲಿ ಪೂರ್ತಿ ಕೆಳಗೆ ಜೋತುಬಿದ್ದಾಗ ಶಾಕ್ ತನ್ನ ಗರಿಷ್ಠ ಉದ್ದಕ್ಕೆ ಬಂದು ನಿಲ್ಲುತ್ತದೆ, ಸ್ಪ್ರಿಂಗ್‌ನ ಉಳಿದ ಒತ್ತಡವೆಲ್ಲ ಆ ಜೋಡಣೆಯೊಳಗೇ ಬಂಧಿಯಾಗಿರುತ್ತದೆ. ಆ ನಡುವಿನ ನಟ್ಟನ್ನು ಮುಟ್ಟದಿದ್ದರೆ ಸ್ಪ್ರಿಂಗ್ ಸಿಡಿಯುವುದಿಲ್ಲ. ಸ್ಪೇಸರನ್ನು ಚಾಸಿಗೆ ಹಿಡಿದಿರುವ ಸುತ್ತಲಿನ ನಟ್‌ಗಳು ಬೇರೆ, ನಡುವಿನದು ಬೇರೆ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು. ನಡುವಿನ ನಟ್‌ನ ಮೇಲೆ ಕೆಂಪು ಬಣ್ಣ ಬಳಿದಿಟ್ಟುಕೊಳ್ಳಿ. ತಮಾಷೆಯಲ್ಲ, ಕತ್ತಲಲ್ಲಿ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ಆ ಒತ್ತಡ ಎಷ್ಟಿರಬಹುದು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಮುಂಗಾಲಿಯ ಮೇಲೆ 450 ಕಿಲೋ ಭಾರವಿದೆ, ಶಾಕ್‌ನ ಕೆಳತುದಿ ಲೋಯರ್ ಆರ್ಮ್‌ನ ಉದ್ದದಲ್ಲಿ ಚಾಸಿಯ ಕಡೆಯಿಂದ ಶೇ. 60ರಷ್ಟು ದೂರದಲ್ಲಿ ಕೂತಿದೆ ಎಂದು ಭಾವಿಸಿದರೆ, ಸನ್ನೆಗೋಲಿನ ನಿಯಮದಂತೆ ಸ್ಪ್ರಿಂಗ್ ಹೊರುವುದು 450ನ್ನು 0.6ರಿಂದ ಭಾಗಿಸಿದಷ್ಟು, ಅಂದರೆ 750 ಕಿಲೋ. ಹೆದರಿಸಿದ ತಮ್ಮೂರಿನ ಇಬ್ಬರೂ ಸುಳ್ಳು ಹೇಳಿದವರಲ್ಲ. ಅವರು ಬಹುಶಃ ಬೇರೆ ಬಗೆಯ ಗಾಡಿಗಳಲ್ಲಿ ಕೆಲಸ ಮಾಡಿದವರು. ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ ಇರುವ ಹಳೆಯ ವಿನ್ಯಾಸಗಳಲ್ಲಿ ಸ್ಪ್ರಿಂಗ್ ನೇರವಾಗಿ ಚಾಸಿಗೂ ಲೋಯರ್ ಆರ್ಮ್‌ಗೂ ನಡುವೆ ಕೂತಿರುತ್ತದೆ. ಅಲ್ಲಿ ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯನ್ನು ಗಾಲಿಯ ಕಡೆಗೆ ಜೋಡಿಸುವ ಗುಂಡು ಕೀಲು) ಬಿಡಿಸಿದ ಕ್ಷಣ ಆರ್ಮ್ ಕೆಳಕ್ಕೆ ಬಡಿದು ಸ್ಪ್ರಿಂಗ್ ಹೊರಕ್ಕೆ ಹಾರುತ್ತದೆ. ಹಳೆಯ ಸುಮೋ, ಮೊದಲ ಸಫಾರಿಗಳಲ್ಲಿ ಸ್ಪ್ರಿಂಗ್‌ನ ಬದಲು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು, ಇತ್ತು. ಅಲ್ಲಿ ಹೊಂದಾಣಿಕೆಯ ಬೋಲ್ಟಿಗೆ ಗುರುತು ಹಾಕಿ, ಅದನ್ನು ಪೂರ್ತಿ ಸಡಿಲಿಸಿ, ತಿರುಚು ಇಳಿದ ಮೇಲಷ್ಟೇ ಆರ್ಮ್‌ಗೆ ಕೈ ಹಾಕಬೇಕು. ಒಂದು ಗಾಡಿಯ ಅನುಭವವನ್ನು ಇನ್ನೊಂದಕ್ಕೆ ಹೊಂದಿಸುವುದರಲ್ಲೇ ಅಪಾಯವಿದೆ.

ಕೆಲಸದ ದಿನ ಮೊದಲು ಮಾಡಬೇಕಾದದ್ದು ಅಳತೆ. ಗಾಡಿ ಸಮತಟ್ಟಾದ ನೆಲದ ಮೇಲೆ ತನ್ನ ಗಾಲಿಗಳ ಮೇಲೆಯೇ ನಿಂತಿರುವಾಗ, ನಾಲ್ಕೂ ಕಡೆ ಹಬ್‌ನ ಮಧ್ಯದಿಂದ ನೇರ ಮೇಲಕ್ಕೆ ಫೆಂಡರ್‌ನ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಎಂದು ಬರೆದಿಡಿ. ಈ ಅಂಕಿ ಕೊನೆಯಲ್ಲಿ ಬೇಕಾಗುತ್ತದೆ. ಆರ್ಮ್‌ನ ಒಳಬೋಲ್ಟ್‌ಗಳಲ್ಲಿ (ಚಾಸಿಯ ಕಡೆಯ ಬೋಲ್ಟ್) ಕ್ಯಾಮ್, ಅಂದರೆ ಗಾಲಿಯ ಕೋನ ಹೊಂದಿಸುವ ಬಿಲ್ಲೆ, ಇದ್ದರೆ ಅದರ ಸ್ಥಾನಕ್ಕೆ ಬಣ್ಣದ ಗೆರೆ ಎಳೆಯಿರಿ. ಮುಂದಿನ ಎರಡೂ ಗಾಲಿಗಳನ್ನು ಒಟ್ಟಿಗೆ ನೆಲದಿಂದ ಬಿಡಿಸಿ, ಇಲ್ಲದಿದ್ದರೆ ಎಡ ಬಲ ಗಾಲಿಗಳನ್ನು ಜೋಡಿಸುವ ಆ್ಯಂಟಿ ರೋಲ್ ಬಾರ್ ತಿರುಚಿಕೊಂಡಿದ್ದು ಅದರ ಲಿಂಕ್ ಬಿಚ್ಚುವಾಗ ಕೈಗೆ ಬಡಿಯುತ್ತದೆ. ಆದರೆ ಬಿಚ್ಚುವುದು ಒಂದು ಸಲಕ್ಕೆ ಒಂದು ಕಡೆ ಮಾತ್ರ. ಇನ್ನೊಂದು ಕಡೆ ಜೋಡಣೆ ಹೇಗಿತ್ತೆಂದು ನೋಡಿಕೊಳ್ಳಲು ಕಣ್ಣೆದುರೇ ಇರಲಿ.

ಅಪ್ಪರ್ ಬಾಲ್ ಜಾಯಿಂಟ್ ಬಿಡಿಸುವ ಮೊದಲು ಎಬಿಎಸ್ ಸೆನ್ಸರ್‌ನ ವೈರನ್ನು ಕ್ಲಿಪ್‌ಗಳಿಂದ ಬಿಡಿಸಿ, ನಕಲನ್ನು (ಎರಡೂ ಆರ್ಮ್‌ಗಳ ಹೊರತುದಿಗಳ ನಡುವೆ ಇದ್ದು ಗಾಲಿಯ ಹಬ್ಬನ್ನು ಹೊರುವ ತುಂಡು) ಗಟ್ಟಿ ಪಟ್ಟಿಯಿಂದ ಚಾಸಿಗೆ ಕಟ್ಟಬೇಕು. ಕಟ್ಟದಿದ್ದರೆ ಜಾಯಿಂಟ್ ಬಿಟ್ಟೊಡನೆ ನಕಲ್ ಹೊರಕ್ಕೆ ವಾಲುತ್ತದೆ, ಅದರ ಭಾರವೆಲ್ಲ ಬ್ರೇಕ್ ಹೋಸ್ ಮೇಲೆ ಬೀಳುತ್ತದೆ, ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಕಪ್‌ನಿಂದ ಕಳಚಿಕೊಳ್ಳಲೂಬಹುದು. ಕ್ಯಾಲಿಪರ್ ಬಿಚ್ಚಿದರೆ ಅದನ್ನೂ ತಂತಿಯಿಂದ ತೂಗುಹಾಕಿ, ಹೋಸ್‌ನಲ್ಲಿ ನೇತಾಡಲು ಬಿಡಬೇಡಿ. ಲೋಯರ್ ಆರ್ಮ್‌ನ ಕೆಳಗೆ ಒಂದು ಜಾಕಿ ಮುಟ್ಟಿಯೂ ಮುಟ್ಟದಂತೆ ಇರಲಿ. ಅದು ಆರ್ಮ್ ಬೀಳದಂತೆ ತಡೆಯಲಿಕ್ಕೆ ಮಾತ್ರ, ಗಾಡಿಯ ಭಾರ ಹೊರಲಿಕ್ಕಲ್ಲ.

ಬಾಲ್ ಜಾಯಿಂಟ್‌ನ ಮೊನಚು ತುದಿ ನಕಲ್‌ನಲ್ಲಿ ಕಚ್ಚಿ ಕೂತಿರುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ, ಮೂರು ನಾಲ್ಕು ಸುತ್ತು ಉಳಿಸಿ, ನಕಲ್‌ನ ಕಿವಿಯ ಪಕ್ಕಕ್ಕೆ ಭಾರದ ಸುತ್ತಿಗೆಯಿಂದ ಒಂದೆರಡು ಏಟು ಕೊಟ್ಟರೆ, ಅಥವಾ ಪುಲ್ಲರ್ ಹಾಕಿದರೆ, ತಾನಾಗಿ ಬಿಡುತ್ತದೆ. ಉಳಿಸಿದ ನಟ್‌ನಿಂದಾಗಿ ಆರ್ಮ್ ಹಾರುವುದಿಲ್ಲ. ಕವಲು ಉಳಿಯನ್ನು ನಡುವೆ ಹೊಡೆದರೆ ರಬ್ಬರ್ ಬೂಟ್ ಹರಿಯುತ್ತದೆ. ಜಾಯಿಂಟನ್ನು ಹೇಗೂ ಎಸೆಯುವುದಿದ್ದರೆ ಮಾತ್ರ ಅದು ಸರಿ. ಹೊಸದನ್ನು ಕೂರಿಸುವಾಗ ಮೊನಚು ತುದಿ ಮತ್ತು ರಂಧ್ರ ಎರಡೂ ಒಣಗಿ ಶುಭ್ರವಾಗಿರಲಿ, ಗ್ರೀಸ್ ಬೇಡ. ಕಿರೀಟದಂಥ ನಟ್ ಆದರೆ ಹೇಳಿದ ಬಿಗಿತ ಬಂದ ಮೇಲೆ ಪಿನ್ನಿನ ರಂಧ್ರ ಕೂಡದಿದ್ದಲ್ಲಿ ಇನ್ನಷ್ಟು ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ನೈಲಾನ್ ಲಾಕ್ ನಟ್ ಆದರೆ ಪ್ರತಿ ಸಲವೂ ಹೊಸದು. ಬಿಗಿತದ ಅಂಕಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವು ತಮ್ಮ ಮಾದರಿಯ ಸರ್ವಿಸ್ ಕೈಪಿಡಿಯಿಂದಲೇ, ಬೇರೆ ಕಂಪನಿಯ ಆರ್ಮ್ ಆದರೆ ಅದರ ಜೊತೆ ಬಂದ ಹಾಳೆಯಿಂದಲೇ ಬರಬೇಕು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸವನ್ನು ಹಿಡಿಯಲೇಬೇಡಿ.

ಈಗ ತಮ್ಮ ಬುಷ್ ಎಂಟೇ ತಿಂಗಳಲ್ಲಿ ಏಕೆ ಸೀಳಿತೆಂಬ ವಿಷಯ. ರಬ್ಬರ್ ಬುಷ್ ಬಾಗಿಲಿನ ತಿರುಗಣಿಯಂತೆ ಜಾರುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಜಾರುವುದಿಲ್ಲ. ಒಳಗಿನ ಉಕ್ಕಿನ ಕೊಳವೆಯನ್ನು ಬೋಲ್ಟ್ ಬಿಗಿದು ಚಾಸಿಗೆ ಅಂಟಿಸುತ್ತದೆ, ಹೊರಗಿನ ಕೊಳವೆ ಆರ್ಮ್‌ನಲ್ಲಿ ಬಿಗಿಯಾಗಿ ಕೂತಿರುತ್ತದೆ, ನಡುವಿನ ರಬ್ಬರ್ ಮಾತ್ರ ತಿರುಚಿಕೊಂಡು ಚಲನೆಗೆ ಎಡೆ ಕೊಡುತ್ತದೆ. ಆರ್ಮ್‌ನ ಉದ್ದ 350 ಮಿ.ಮೀ., ಜೋತುಬಿದ್ದ ಸ್ಥಿತಿಗೂ ನಿಂತ ಸ್ಥಿತಿಗೂ 80 ಮಿ.ಮೀ. ಅಂತರ ಎಂದಿಟ್ಟುಕೊಂಡರೆ, ಗಾಳಿಯಲ್ಲಿ ಬಿಗಿದ ಬುಷ್ ಗಾಡಿ ನೆಲಕ್ಕಿಳಿದ ಕೂಡಲೇ 13 ಡಿಗ್ರಿ ತಿರುಚಿಕೊಂಡೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಪ್ರತಿ ಗುಂಡಿಯೂ ಅದನ್ನು ಇನ್ನಷ್ಟು ತಿರುಚುತ್ತದೆ, ವಿಶ್ರಾಂತಿ ಎಂಬುದೇ ಇಲ್ಲ. ಆ ಗ್ಯಾರೇಜಿನವರು ಹಾಕಿದ ಬುಷ್ ಕಳಪೆಯದೇ ಆಗಿರಬೇಕೆಂದಿಲ್ಲ. ಒಳಬೋಲ್ಟ್‌ಗಳ ಕೊನೆಯ ಬಿಗಿತವನ್ನು ಗಾಡಿ ತನ್ನ ಸಹಜ ಎತ್ತರದಲ್ಲಿ ಇರುವಾಗಲೇ ಕೊಡಬೇಕು, ಮತ್ತು ಲಿಫ್ಟ್ ಮಾಡಿದ ಗಾಡಿಗೆ ಸಹಜ ಎತ್ತರವೆಂದರೆ ಲಿಫ್ಟ್ ಆದ ಮೇಲಿನ ಎತ್ತರ, ಕಂಪನಿಯ ಎತ್ತರವಲ್ಲ.

ಇದಕ್ಕೆ ಕಣದಲ್ಲೂ ಸುಲಭವಾದ ಒಂದು ಉಪಾಯವಿದೆ. ಆರ್ಮ್‌ಗಳನ್ನು ಕೂರಿಸಿ ನಕಲ್ ಜೋಡಿಸಿ, ಶಾಕ್‌ನ ಕೆಳಬೋಲ್ಟನ್ನು ಇನ್ನೂ ಹಾಕದಿರುವಾಗ, ಆರ್ಮನ್ನು ಮೇಲೆತ್ತಲು ಸ್ಪ್ರಿಂಗ್‌ನ ವಿರೋಧವಿರುವುದಿಲ್ಲ. ಶಾಕ್‌ನ ಕೆಳತುದಿಯನ್ನು ಪಕ್ಕಕ್ಕೆ ಸರಿಸಿ ಕಟ್ಟಿ, ಜಾಕಿಯಿಂದ ಆರ್ಮನ್ನು ಮೆಲ್ಲಗೆ ಎತ್ತಿ, ಮೊದಲು ಬರೆದಿಟ್ಟ ಹಬ್-ಫೆಂಡರ್ ಅಳತೆ ಬಂದಾಗ ನಿಲ್ಲಿಸಿ, ಒಳಬೋಲ್ಟ್‌ಗಳನ್ನು ಪೂರ್ಣ ಬಿಗಿಯಿರಿ. ಆಮೇಲೆ ಇಳಿಸಿ ಶಾಕ್ ಜೋಡಿಸಿ, ಅದರ ಕೆಳಬೋಲ್ಟನ್ನು ಮಾತ್ರ ಗಾಡಿ ನೆಲದ ಮೇಲೆ ನಿಂತ ಮೇಲೆ ಬಿಗಿಯಿರಿ. ಶಾಕ್ ಅಡ್ಡ ಬಂದು ಅಳತೆಯವರೆಗೆ ಆರ್ಮ್ ಏರದಿದ್ದರೆ ಬಲವಂತ ಬೇಡ. ಗಾಲಿಗಳನ್ನು ಅಗಲವಾದ ದಿಮ್ಮಿಗಳ ಮೇಲಿಳಿಸಿ, ಗಾಡಿಯ ಭಾರ ಗಾಲಿಗಳ ಮೇಲಿರುವಾಗಲೇ ಬಿಗಿಯಬೇಕಾಗುತ್ತದೆ.

ಬುಷ್ ಒಂದೇ ಸಾಕೇ ಎಂದರೆ, ಆರ್ಮ್ ನೇರವಾಗಿದ್ದು ಬಾಲ್ ಜಾಯಿಂಟ್ ಬಿಗಿಯಾಗಿದ್ದರೆ ಸಾಕು. ಆದರೆ ಬುಷ್ ಕೂರಿಸಲು ಹೈಡ್ರಾಲಿಕ್ ಪ್ರೆಸ್ ಬೇಕು, ರಬ್ಬರ್‌ನ ಒಳಗಿನ ಖಾಲಿ ಜಾಗ ಯಾವ ದಿಕ್ಕಿಗೆ ಇರಬೇಕೆಂಬ ಗುರುತನ್ನೂ ನೋಡಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಆರ್ಮ್‌ನ ಕಿವಿಯೇ ಅಗಲವಾಗುತ್ತದೆ. ಕಣದಲ್ಲಿ ಕೆಲಸ ಮಾಡುವವರಿಗೆ ಬುಷ್ ಮತ್ತು ಬಾಲ್ ಜಾಯಿಂಟ್ ಸಮೇತ ಬರುವ ಪೂರ್ಣ ಆರ್ಮ್ ಹೆಚ್ಚು ಕ್ಷೇಮ. ಎಲ್ಲಾದರೂ ಬೊಡ್ಡೆಗೆ ಬಡಿದು ಆರ್ಮ್ ಬಾಗಿದ್ದರೆ ಕಾಯಿಸಿ ನೇರ ಮಾಡಿಸುವುದು, ಬಿರುಕಿಗೆ ವೆಲ್ಡಿಂಗ್ ಹಾಕಿಸುವುದು ಎರಡೂ ಕೂಡದು.

ಉತ್ತರ 2: ಸ್ಪ್ಯಾನರ್ ಬನ್ನಿಮಂಟಪ, ಮೈಸೂರು

ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುವುದು ಹೆಚ್ಚಿಲ್ಲ. ನಾನು ಗಾಡಿ ನಿಲ್ಲಿಸುವ ವಿಷಯವನ್ನಷ್ಟೇ ಬರೆಯುತ್ತೇನೆ, ಏಕೆಂದರೆ ಜೀವಕ್ಕೆ ಅಪಾಯ ಬರುವುದು ಸ್ಪ್ರಿಂಗ್‌ಗಿಂತ ಹೆಚ್ಚಾಗಿ ಅಲ್ಲಿಂದ.

ಲಿಫ್ಟ್ ಮಾಡಿದ ಗಾಡಿಯ ಚಾಸಿ ಮೊದಲೇ ಎತ್ತರದಲ್ಲಿರುತ್ತದೆ, ಗಾಲಿ ಜೋತುಬೀಳಬೇಕಾದರೆ ಅದನ್ನು ಇನ್ನೂ ಎತ್ತಬೇಕು. ಸಾಮಾನ್ಯ ಕಾರಿನ ಸ್ಟ್ಯಾಂಡ್‌ಗಳು ಅಷ್ಟೆತ್ತರ ಬರುವುದಿಲ್ಲ. ಆಗ ಮನುಷ್ಯನ ಬುದ್ಧಿ ಕೂಡಲೇ ಇಟ್ಟಿಗೆಯ ಕಡೆ ಓಡುತ್ತದೆ. ಹದಿನೈದು ವರ್ಷದ ಹಿಂದೆ ನಾನೇ ಒಂದು ಹಳೆಯ ಜೀಪನ್ನು ಸಿಮೆಂಟಿನ ಟೊಳ್ಳು ಬ್ಲಾಕ್‌ಗಳ ಮೇಲೆ ನಿಲ್ಲಿಸಿ, ಊಟಕ್ಕೆಂದು ಎದ್ದು ಹೋಗಿದ್ದೆ. ಬಂದು ನೋಡಿದರೆ ಬ್ಲಾಕ್ ಪುಡಿಯಾಗಿ ಜೀಪಿನ ಬ್ರೇಕ್ ಡ್ರಮ್ ನೆಲದಲ್ಲಿ ಹೂತಿತ್ತು. ಕಾಂಕ್ರೀಟ್ ಬ್ಲಾಕ್ ಬಿರಿಯುವ ಮುನ್ನ ಸೂಚನೆ ಕೊಡುವುದಿಲ್ಲ. ಆ ದಿನ ಹಸಿವಾಗದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ.

ಆದ್ದರಿಂದ ಆರು ಟನ್ನಿನ ಎತ್ತರದ ಸ್ಟ್ಯಾಂಡ್‌ಗಳ ಒಂದು ಜೋಡಿಯನ್ನು ಬಾಡಿಗೆಗಾದರೂ ತನ್ನಿ. ಟನ್ನಿಗಾಗಿ ಅಲ್ಲ, ಎತ್ತರಕ್ಕೂ ಪಾದದ ಅಗಲಕ್ಕೂ. ಕಣ ಎಷ್ಟೇ ಗಟ್ಟಿಯೆಂದು ಕಂಡರೂ ಸ್ಟ್ಯಾಂಡಿನ ಕಾಲಂಚು ಕೊಡಲಿಯಂತೆ ಮಣ್ಣಿಗಿಳಿಯುತ್ತದೆ, ಒಂದು ಕಾಲು ಮಾತ್ರ ಇಳಿದರೆ ಸ್ಟ್ಯಾಂಡ್ ವಾಲುತ್ತದೆ. ಪ್ರತಿಯೊಂದರ ಕೆಳಗೂ ಒಂದೂವರೆ ಅಡಿ ಚೌಕದ ದಪ್ಪ ಕಬ್ಬಿಣದ ಹಲಗೆ ಇಡಿ, ಜಾಕಿಯ ಕೆಳಗೂ ಅಂಥದೇ ಒಂದು. ಹಿಂದಿನ ದಿನ ಮಳೆ ಬಂದಿದ್ದರೆ, ಅಥವಾ ನಾಲೆಗೆ ನೀರು ಬಿಟ್ಟು ಕಣ ಜೌಗಾಗಿದ್ದರೆ, ಆ ದಿನ ಕೆಲಸ ಬೇಡ. ಹಾಲಿನ ಡೇರಿಯ ಮುಂದೋ ದೇವಸ್ಥಾನದ ಹಿಂದೋ ಒಂದು ಕಾಂಕ್ರೀಟ್ ಅಂಗಳ ಸಿಕ್ಕರೆ ಕೇಳಿ ಪಡೆಯಿರಿ, ನಾಚಿಕೆ ಬೇಡ.

ಸ್ಟ್ಯಾಂಡ್ ಕೂರಬೇಕಾದದ್ದು ಚಾಸಿಯ ಉದ್ದ ತೊಲೆಯ ಮೇಲೆ, ಲೋಯರ್ ಆರ್ಮ್‌ನ ಹಿಂದಿನ ಬ್ರಾಕೆಟ್‌ಗಿಂತ ಹಿಂದಕ್ಕೆ. ಆರ್ಮ್‌ನ ಮೇಲಲ್ಲ, ಪಾದಪಟ್ಟಿಯ ಮೇಲಂತೂ ಅಲ್ಲವೇ ಅಲ್ಲ. ಹಿಂದಿನ ಎರಡೂ ಗಾಲಿಗಳಿಗೆ ಮುಂದೆ ಹಿಂದೆ ಮರದ ತಡೆ, ಹ್ಯಾಂಡ್ ಬ್ರೇಕ್, ಗೇರ್‌ನಲ್ಲಿ ಗಾಡಿ. ಸ್ಟ್ಯಾಂಡ್ ಮೇಲಿಳಿಸಿದ ಮೇಲೆ ಕೆಳಗೆ ನುಗ್ಗುವ ಮೊದಲು ಬಂಪರ್ ಹಿಡಿದು ಇಬ್ಬರೂ ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಗಾಲಿಗಳನ್ನು ಚಾಸಿಯ ಕೆಳಗೆ ಅಡ್ಡ ಮಲಗಿಸಿಡಿ. ಎಲ್ಲ ಕೈಕೊಟ್ಟರೂ ಒಂದು ಟೈರಿನ ಅಗಲದಷ್ಟು ಜಾಗ ಉಳಿಯುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ಎರಡು ದಿನ ಸಂಜೆ ಎಣ್ಣೆ ಬಿಡಿ, ಏಕೆಂದರೆ ಸ್ಟ್ಯಾಂಡ್ ಮೇಲಿರುವ ಗಾಡಿಯ ಬೋಲ್ಟಿಗೆ ನಾಲ್ಕಡಿ ಪೈಪ್ ಹಾಕಿ ಜಗ್ಗಿದರೆ ಬಿಡುವುದು ಬೋಲ್ಟೋ ಸ್ಟ್ಯಾಂಡೋ ಹೇಳಲಾಗದು. ಮೊದಲ ಸಡಿಲಿಕೆಯನ್ನು ಗಾಲಿ ನೆಲದ ಮೇಲಿರುವಾಗಲೇ ಕಾಲು ಸುತ್ತು ಕೊಟ್ಟುಬಿಡಿ.

ಪ್ರಶ್ನೆ ಕೇಳಿದವರು: ಕುಂತಿಬೆಟ್ಟದ ಕಬ್ಬಿನಗದ್ದೆ

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ಸ್ಪೇಸರ್ ಅಳೆದು ನೋಡಿದೆ, ಅದರ ದಪ್ಪ ಬರೀ 30 ಮಿ.ಮೀ. ಇದೆ. ಎರಡು ಇಂಚಿನ ಲಿಫ್ಟ್ ಎಂದು ಹೇಳಿ ಮೋಸ ಮಾಡಿದ್ದಾರೆಯೇ? ಮತ್ತು ಅಪ್ಪರ್ ಆರ್ಮ್ ಬದಲಾಯಿಸುವುದು ನಿಜಕ್ಕೂ ಅಗತ್ಯವೇ ಅಥವಾ ಅದು ಬರೀ ಶೋಕಿಯೇ?

ಉತ್ತರ 3: ನಿವೃತ್ತ ಬೋಧಕ, ಮೇಟಗಳ್ಳಿ

ಮೋಸವಿಲ್ಲ. ಮೊದಲು ಹೇಳಿದ 0.6ರ ಲೆಕ್ಕವೇ ಇಲ್ಲೂ ನಡೆಯುತ್ತದೆ: ಶಾಕ್‌ನ ಬಳಿ 30 ಮಿ.ಮೀ. ಇಳಿದರೆ ಗಾಲಿಯ ಬಳಿ 50 ಮಿ.ಮೀ. ಆಗುತ್ತದೆ, ಅಂದರೆ ಸುಮಾರು ಎರಡು ಇಂಚು.

ಆದರೆ ಈ ಬಗೆಯ ಸ್ಪೇಸರ್ ಶಾಕನ್ನು ಇಡಿಯಾಗಿ ಕೆಳಕ್ಕೆ ತಳ್ಳುತ್ತದೆಯೇ ಹೊರತು ಅದರ ಉದ್ದವನ್ನು ಕಡಿಮೆ ಮಾಡುವುದಿಲ್ಲ. ಹಾಗಾಗಿ ನಿಂತ ಎತ್ತರ 50 ಮಿ.ಮೀ. ಏರಿದಂತೆಯೇ, ಗಾಲಿ ಜೋತುಬೀಳುವ ಕೊನೆಯ ಮಿತಿಯೂ 50 ಮಿ.ಮೀ. ಕೆಳಗೆ ಹೋಗಿದೆ. ಕಂಪನಿ ಎಣಿಸಿದ್ದಕ್ಕಿಂತ ಹೆಚ್ಚು ಓರೆಯಲ್ಲಿ ಬಾಲ್ ಜಾಯಿಂಟ್ ಸಿಕ್ಕಿಕೊಳ್ಳುತ್ತದೆ, ಅಪ್ಪರ್ ಆರ್ಮ್ ಸ್ಪ್ರಿಂಗಿಗೆ ಬಡಿಯಬಹುದು, ಡ್ರೈವ್ ಶಾಫ್ಟ್‌ನ ಜಾಯಿಂಟ್‌ಗಳೂ ಹೆಚ್ಚು ಬಾಗಿ ಓಡುತ್ತವೆ. ಸ್ಪ್ರಿಂಗನ್ನೇ ಗಟ್ಟಿಯಾದದ್ದಕ್ಕೆ ಬದಲಾಯಿಸಿ ಎತ್ತರಿಸಿದ್ದರೆ ಕೆಳಗಿನ ಮಿತಿ ಹಾಗೆಯೇ ಉಳಿಯುತ್ತಿತ್ತು, ಜೋತುಬೀಳುವ ಅವಕಾಶ ಮಾತ್ರ ಕುಗ್ಗುತ್ತಿತ್ತು. ನಾಲೆಯ ಏರಿಯಿಂದ ಒಂದು ಗಾಲಿ ಗುಂಡಿಗಿಳಿಯುವ ತಮ್ಮಂಥ ಬಳಕೆಯಲ್ಲಿ ಸ್ಪೇಸರ್‌ನ ಈ ದೋಷ ದಿನವೂ ಕೆಲಸ ಮಾಡುತ್ತಿರುತ್ತದೆ.

ಇನ್ನು ಅಲೆಯುವ ಸ್ಟೀರಿಂಗ್. ಗಾಡಿ ಎತ್ತರವಾದಾಗ ಕ್ಯಾಸ್ಟರ್ ಕೋನ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಎಂದರೆ ನಕಲ್‌ನ ಮೇಲಿನ ಜಾಯಿಂಟ್ ಕೆಳಗಿನದಕ್ಕಿಂತ ಎಷ್ಟು ಹಿಂದಕ್ಕೆ ವಾಲಿದೆ ಎಂಬುದು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಇದೇ ಬಗೆ; ಕೈಬಿಟ್ಟರೂ ಅದು ನೇರ ಓಡಲು ಈ ಗುಣವೂ ನೆರವಾಗುತ್ತದೆ. ಲಿಫ್ಟ್‌ಗಾಗಿ ಮಾಡಿದ ಅಪ್ಪರ್ ಆರ್ಮ್‌ಗಳಲ್ಲಿ ಬಾಲ್ ಜಾಯಿಂಟನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಹೆಚ್ಚಿನ ಓರೆಗೆ ತಾಳುವಂತೆ ಕೂರಿಸಿ, ಸ್ಪ್ರಿಂಗ್‌ಗೆ ಬಡಿಯದಂತೆ ಬಾಗು ಕೊಟ್ಟಿರುತ್ತಾರೆ. ತಮ್ಮ ಗಾಡಿಗೆ ಅದು ಶೋಕಿಯಲ್ಲ. ಒಳ ಅಂಚಿನ ಗರಗಸ ಸವೆತ ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿರುವುದರ ಲಕ್ಷಣ. ಲಿಫ್ಟ್‌ನಿಂದ ಸ್ಟೀರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡ್‌ನ ಓರೆ ಬದಲಾಗಿದೆ, ಸೀಳಿದ ಬುಷ್ ಬ್ರೇಕ್ ಹಿಡಿದಾಗಲೆಲ್ಲ ಗಾಲಿಯನ್ನು ಇನ್ನಷ್ಟು ಹೊರಕ್ಕೆ ತಿರುಗಿಸಿದೆ.

ಹೊಸ ಆರ್ಮ್ ಹಾಕಿದ ಮೇಲೆ, ಗಾಲಿ ಪೂರ್ತಿ ಜೋತಿರುವಾಗ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಲ್ಲೂ ಬಿಗಿಯಾಗುವುದಿಲ್ಲ ಎಂದು ಕಣ್ಣಾರೆ ನೋಡಿ. ಹೋಸ್ ತಂತಿಯಂತೆ ಸೆಟೆದರೆ ಉದ್ದನೆಯ ಹೋಸ್ ಬರುವವರೆಗೆ ಗಾಡಿ ರಸ್ತೆಗಿಳಿಯಬಾರದು.

ಉತ್ತರ 4: ಮಳವಳ್ಳಿ ಜಿಮ್ನಿ

ನನ್ನ ಗಾಡಿಯ ಮುಂದೆಯೂ ಹಿಂದೆಯೂ ಇಡಿಯ ಆಕ್ಸಲ್. ಥಾರ್‌ನ ಹಿಂಭಾಗವೂ ಇಡಿಯ ಆಕ್ಸಲ್ಲೇ ಆದ್ದರಿಂದ, ಮುಂದಿನ ಕೆಲಸ ಮುಗಿಸಿ ಉತ್ಸಾಹದಲ್ಲಿ ಹಿಂದಿನ ಆರ್ಮ್‌ಗಳಿಗೂ ಕೈ ಹಾಕುವ ಮೊದಲು ಎರಡು ಮಾತು ಹೇಳಬೇಕೆನಿಸಿತು.

ಅಲ್ಲಿ ಆರ್ಮ್‌ಗಳು ಇಡೀ ಆಕ್ಸಲ್ಲನ್ನು ಮುಂದೆ ಹಿಂದೆ ಹೋಗದಂತೆ, ತಿರುಗದಂತೆ ಹಿಡಿದಿರುತ್ತವೆ. ಎರಡನ್ನು ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ತನ್ನ ಮೇಲೆ ತಾನೇ ಉರುಳುತ್ತದೆ, ಮತ್ತೆ ರಂಧ್ರಕ್ಕೆ ರಂಧ್ರ ಕೂಡಿಸಲು ಅರ್ಧ ದಿನ ಬೇಕು. ನನಗೆ ಒಂದು ಭಾನುವಾರ ಹಾಗೆಯೇ ಹೋಯಿತು. ಆಕ್ಸಲ್‌ನ ಕೆಳಗೆ ಎರಡು ಆಧಾರ ಕೊಟ್ಟು, ಒಂದು ಆರ್ಮ್ ಬಿಚ್ಚಿ, ಹೊಸದನ್ನು ಹಾಕಿ, ಆಮೇಲೆ ಇನ್ನೊಂದು. ಉದ್ದ ಬದಲಾಯಿಸಬಹುದಾದ ಆರ್ಮ್ ಆದರೆ ಹಳೆಯದರ ಬೋಲ್ಟ್ ಮಧ್ಯದಿಂದ ಬೋಲ್ಟ್ ಮಧ್ಯಕ್ಕೆ ಅಳೆದು, ಎಡ ಬಲ ಎರಡೂ ಒಂದೇ ಉದ್ದಕ್ಕಿರುವಂತೆ ನೋಡಿ, ಲಾಕ್ ನಟ್ ಬಿಗಿಯಿರಿ.

ಲಿಫ್ಟ್ ಆದ ಗಾಡಿಯನ್ನು ಹಿಂದಿನಿಂದ ನೋಡಿದರೆ ಒಂದು ಗಾಲಿ ಹೆಚ್ಚು ಹೊರಗೆ ಬಂದಂತೆ ಕಾಣುವುದುಂಟು. ಅದು ಆಕ್ಸಲ್ಲನ್ನು ಅಡ್ಡ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡ್‌ನ ಕೆಲಸ. ರಾಡ್ 900 ಮಿ.ಮೀ. ಉದ್ದವಿದ್ದು ಅದರ ಎರಡು ತುದಿಗಳ ಎತ್ತರದಲ್ಲಿ ಮೊದಲೇ 100 ಮಿ.ಮೀ. ವ್ಯತ್ಯಾಸವಿತ್ತು ಎಂದುಕೊಳ್ಳಿ, 50 ಮಿ.ಮೀ. ಲಿಫ್ಟ್ ಆದಾಗ ಆಕ್ಸಲ್ ಚಾಸಿಯ ಕಡೆಯ ತುದಿಯತ್ತ ಸುಮಾರು 7 ಮಿ.ಮೀ. ಸರಿಯುತ್ತದೆ. ರಾಡ್ ಮೊದಲು ಮಟ್ಟವಾಗಿಯೇ ಇದ್ದಿದ್ದರೆ ಒಂದೂವರೆ ಮಿಲಿಮೀಟರೂ ಸರಿಯುತ್ತಿರಲಿಲ್ಲ. ಹೊಂದಾಣಿಕೆಯ ರಾಡ್‌ನಿಂದ ಅದು ಸರಿಯಾಗುತ್ತದೆ, ಅದಕ್ಕಾಗಿ ಆರ್ಮ್‌ಗಳನ್ನು ದೂರುವುದು ಬೇಡ.

ಉತ್ತರ 5: ಕುವೆಂಪುನಗರದ ವಕೀಲ

ಯಂತ್ರದ ವಿಷಯ ನನಗೆ ತಿಳಿಯದು. ಆದರೆ ಲಿಫ್ಟ್ ಕಿಟ್‌ನ ಮಾತು ಬಂದಿರುವುದರಿಂದ ಒಂದು ಸೂಚನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸದಾಗಿ ಬರೆಯಲಾದ 182-ಎ ಕಲಮು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಸವೆದ ಆರ್ಮ್‌ಗೆ ಕಂಪನಿಯದೇ ಆರ್ಮ್ ಹಾಕುವುದು ದುರಸ್ತಿ. ಎತ್ತರ ಬದಲಾಯಿಸುವ ಸ್ಪೇಸರ್ ಬೇರೆಯದೇ ಪ್ರಶ್ನೆ. ಅಪಘಾತವಾದಾಗ ವಿಮೆಯವರು ಮೊದಲು ಕೆದಕುವುದು ಇದನ್ನೇ. ಸ್ಪೇಸರ್ ತೆಗೆದು ಮೂಲ ಎತ್ತರಕ್ಕೆ ತರುವ ಆಯ್ಕೆಯನ್ನೂ ತಾವು ಯೋಚಿಸುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು: ಕುಂತಿಬೆಟ್ಟದ ಕಬ್ಬಿನಗದ್ದೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ವಕೀಲರ ಮಾತನ್ನೂ ಮೇಷ್ಟ್ರು ಕೊಟ್ಟ ಲೆಕ್ಕವನ್ನೂ ಇಟ್ಟುಕೊಂಡು ತಮ್ಮನೂ ನಾನೂ ಒಂದು ರಾತ್ರಿ ಕೂತು ಮಾತಾಡಿದೆವು. ಎರಡು ಇಂಚಿನ ಎತ್ತರದಿಂದ ನಮಗೆ ನಿಜಕ್ಕೂ ಆದ ಉಪಯೋಗವೆಂದರೆ ಗಾಡಿಜಾಡಿನ ನಡುವಿನ ದಿಬ್ಬಕ್ಕೆ ಹೊಟ್ಟೆ ತಾಗದಿರುವುದು ಒಂದೇ. ಕಂಪನಿ ಕೊಡುವ 226 ಮಿ.ಮೀ. ಅದಕ್ಕೆ ಸಾಲದು ಎನ್ನುವಂತಿರಲಿಲ್ಲ. ಕೊನೆಗೆ ಸ್ಪೇಸರ್‌ಗಳನ್ನು ತೆಗೆದು, ಹಿಂದೆಯೂ ಮೂಲ ಸ್ಪ್ರಿಂಗ್ ಹಾಕಿ, ಕಂಪನಿಯ ಎರಡು ಲೋಯರ್ ಆರ್ಮ್‌ಗಳನ್ನು ಮಾತ್ರ ತಂದೆವು. ಅಪ್ಪರ್ ಆರ್ಮ್‌ಗಳ ಖರ್ಚು ಉಳಿಯಿತು. ಹಿಂದಿನ ಸ್ಪ್ರಿಂಗ್ ಕೆಲಸವನ್ನು ಮಾತ್ರ ನಾವು ಮಾಡದೆ ಮೈಸೂರಿನಲ್ಲಿ ಮಾಡಿಸಿದೆವು.

ಮುಂದಿನ ಕೆಲಸ ಊರಿನ ಹಾಲಿನ ಸಂಘದ ಕಾಂಕ್ರೀಟ್ ಅಂಗಳದಲ್ಲಿ, ಭಾನುವಾರ ಬೆಳಗಿನ ಹಾಲು ಹೋದ ಮೇಲೆ ನಡೆಯಿತು. ಸ್ಟ್ಯಾಂಡ್ ಕೂರಿಸಿ ಅಲುಗಾಡಿಸಿದಾಗ ಎಡಗಡೆಯದು ಸ್ವಲ್ಪ ಜಾರಿತು, ಅದರ ತಲೆ ಚಾಸಿಯ ಬೆಸುಗೆಯ ಉಬ್ಬಿನ ಮೇಲೆ ಕೂತಿತ್ತು. ಇಳಿಸಿ ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಮತ್ತೆ ಎತ್ತಿದೆವು. ನಡುವಿನ ನಟ್‌ಗೆ ಬಳಿಯಲು ಮನೆಯಲ್ಲಿ ಕೆಂಪು ಬಣ್ಣವಿರಲಿಲ್ಲ, ತಮ್ಮನ ಮಗಳ ಉಗುರುಬಣ್ಣ ಬಳಿದೆವು. ಹಳೆಯ ಬಲಗಡೆಯ ಆರ್ಮ್ ಬಿಚ್ಚಿ ನೋಡಿದರೆ ಅದರ ಬಾಲ್ ಜಾಯಿಂಟ್‌ನ ಬೂಟ್ ಹರಿದು ಒಳಗೆ ಗ್ರೀಸಿನ ಬದಲು ನಾಲೆಯ ಕೆಸರು ತುಂಬಿತ್ತು. ಸದ್ದು ಬರುತ್ತಿದ್ದದ್ದು ಎಡಗಡೆಯಿಂದ ಮಾತ್ರ ಎಂದು ನಾವು ನಂಬಿದ್ದೆವು.

ಸ್ಪೇಸರ್ ಹೋಗಿದ್ದರಿಂದ ಹಳೆಯ ಹಬ್-ಫೆಂಡರ್ ಅಳತೆ ಈಗ ನಡೆಯುವಂತಿರಲಿಲ್ಲ. ಊರಿನಲ್ಲಿ ಲಿಫ್ಟ್ ಮಾಡಿರದ ಇನ್ನೊಂದು ಥಾರ್‌ನಲ್ಲಿ ಅಳೆದುಕೊಂಡು ಬಂದು, ಮೇಷ್ಟ್ರು ಹೇಳಿದಂತೆ ಶಾಕ್‌ನ ಕೆಳತುದಿ ಬಿಟ್ಟಿರುವಾಗಲೇ ಆರ್ಮನ್ನು ಆ ಎತ್ತರಕ್ಕೆ ತಂದು ಬಿಗಿದೆವು. ಮರುದಿನ ನಿಧಾನವಾಗಿ ಮೈಸೂರಿಗೆ ಹೋಗಿ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ, ಸ್ಟೀರಿಂಗ್ ಸೆನ್ಸರನ್ನೂ ಸೊನ್ನೆಗೆ ತರಿಸಿ, ಹೆಡ್‌ಲೈಟ್ ಇಳಿಸಿಕೊಂಡು ಬಂದೆ. ಲಿಫ್ಟ್ ಆದಾಗಿನಿಂದ ಎದುರಿನವರ ಕಣ್ಣಿಗೆ ಹೊಡೆಯುತ್ತಿದ್ದುದು ನನಗೇ ತಿಳಿದಿರಲಿಲ್ಲ. ಈಗ 100ರಲ್ಲೂ ಗಾಡಿ ಗೆರೆ ಹಿಡಿದು ಹೋಗುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಟಾರ್ಕ್ ರೆಂಚ್ ಇಟ್ಟು ನೋಡಿದೆ, ಬಲಗಡೆಯ ಆ್ಯಂಟಿ ರೋಲ್ ಬಾರ್ ಲಿಂಕ್‌ನ ನಟ್ ಒಂದು ಮಾತ್ರ ಕಾಲು ಸುತ್ತು ತಿರುಗಿತು. ಐನೂರು ಆದ ಮೇಲೆ ಇನ್ನೊಮ್ಮೆ ನೋಡುತ್ತೇನೆ.